ಕಿವಿಯ ಬಿಸಿ

ಶಿಡ್ಲಘಟ್ಟದಲ್ಲಿ ಏಪ್ರಿಲ್ ಎಂದರೆ
ಬೆಳಗ್ಗೆ ಎಂಟಕ್ಕೇ ಶೀಟಿನ ಮೇಲೆ ಕಾಗೆ
ಕಾಲು ಎತ್ತಿ ಎತ್ತಿ ಇಡುತ್ತದೆ.
ಕೆಳಗೆ ನಾವು ಮೂವರು: ನಾನು, ಲಿಖಿತಾ, ನಾದಿನಿ ಮುನಿರತ್ನ.
ಈಗ ಇನ್ನೆರಡು. ಬಿಳಿಯದು ಬೆಣ್ಣೆ, ಬೂದಿಯದು ಸಿಮೆಂಟು.
ಹೆಸರಿಟ್ಟವಳು ಮಗಳು. ಆರನೇ ಕ್ಲಾಸು.
ತಂದುಕೊಟ್ಟವಳು ಅವಳ ಗೆಳತಿ ತಬಸ್ಸುಮ್,
ಸ್ಕೂಲ್ ಬ್ಯಾಗಿನಲ್ಲಿ, ಸಮಾಜ ಪುಸ್ತಕದ ಪಕ್ಕ ಕೂರಿಸಿಕೊಂಡು.

"ಮೊಲ ಬೆವರಲ್ವಂತೆ ಅಮ್ಮ," ಎಂದಳು ಮೊದಲ ದಿನವೇ,
"ಅದರ ಸೆಕೆಯೆಲ್ಲ ಕಿವಿಯಿಂದ ಹೋಗಬೇಕಂತೆ."
ನಕ್ಕೆ. ಬೆವರದ ಜೀವ
ಈ ಮನೆಯಲ್ಲಿ ಎರಡಾದರೂ ಇರಲಿ.

ನನ್ನ ಕೆಲಸ ಫಿಲೇಚರಿನಲ್ಲಿ, ಎಂಟೂವರೆಯಿಂದ ಐದು.
ಕುದಿನೀರಿನ ಮುಂದೆ ಕೂತು
ಗೂಡು ಮುಳುಗಿಸು, ಎಳೆಯ ತುದಿ ಹುಡುಕು, ಕೊಂಡಿಗೆ ಹಾಕು.
ಹುಳು ಒಳಗೇ ಬೇಯುತ್ತದೆ.
ಆ ವಾಸನೆ ಸೀರೆಗೆ ಅಂಟಿ ನನ್ನ ಜೊತೆ ಮನೆಗೆ ಬರುತ್ತದೆ,
ಬೆಣ್ಣೆ ಮೂಗು ಅಲ್ಲಾಡಿಸಿ ಹಿಂದೆ ಸರಿಯುತ್ತದೆ.
ಮೈ ತೊಳೆದೇ ಅದನ್ನು ಮುಟ್ಟುತ್ತೇನೆ.

ತಂಪು ಮಾಡುವುದು ನನಗೆ ಹೊಸ ವಿದ್ಯೆಯೇನಲ್ಲ.
ತೌರಿನಲ್ಲಿ, ಚಿಂತಾಮಣಿ ಕಡೆ,
ಹುಳು ನಾಲ್ಕನೇ ಜ್ವರಕ್ಕೆ ಕೂತಾಗ
ಅವ್ವ ಕಿಟಕಿಗೆ ಗೋಣಿ ಕಟ್ಟಿ ಗಂಟೆಗೊಮ್ಮೆ ನೀರು ಚಿಮುಕಿಸುತ್ತಿದ್ದಳು.
ಅದೇ ಗೋಣಿ ಈಗ ಮೊಲದ ಗೂಡಿಗೆ.
(ಇದಕ್ಕೂ ಗೂಡೇ ಅನ್ನುತ್ತೇವೆ, ಬೇರೆ ಮಾತಿಲ್ಲ.)
ಮೇಲೆ ನೆರಳಿಗೆ ಅಟ್ಟದಲ್ಲಿದ್ದ ಮುರುಕು ಚಂದ್ರಿಕೆ.
ಕೆಳಗೆ ಕಡಪ ಕಲ್ಲು, ರಾತ್ರಿಯೆಲ್ಲ ನೀರಿನ ತೊಟ್ಟಿಯ ಪಕ್ಕ ಮಲಗಿದ್ದು.
ಶಫಿಯ ಸೋಡಾ ಅಂಗಡಿಯಿಂದ ದಿನಕ್ಕೊಂದು ಗಡ್ಡೆಕಟ್ಟಿದ ಬಾಟಲಿ,
ಅದಕ್ಕೆ ಲಿಖಿತಾಳ ಹಳೇ ಸಾಕ್ಸಿನ ಅಂಗಿ.
ಹಿಪ್ಪುನೇರಳೆ ಸೊಪ್ಪು ಬೆಳಗಿನ ಜಾವ ಒಂದು ಹಿಡಿ,
ಹೊತ್ತಿಳಿದ ಮೇಲೆ ಒಂದು ಹಿಡಿ.
"ತಿಂದು ತಿಂದು ಇದೂ ರೇಷ್ಮೆ ಕೊಡ್ತದಾ?" ಮುನಿರತ್ನನ ಪ್ರಶ್ನೆ.
"ಕೊಡ್ತೈತೆ, ಬಾಚ್ಕೋ" ಅಂತ ಬಾಚಣಿಗೆ ಕೊಡುತ್ತೇನೆ.
ಕೂದಲು ಮನೆಯೆಲ್ಲ ಹಾರುತ್ತದೆ, ಸಾರಿನಲ್ಲೂ.

ಶನಿವಾರ. ಹನ್ನೊಂದಕ್ಕೆ ಹೋದ ಕರೆಂಟು ಬರಲಿಲ್ಲ.
ಫಿಲೇಚರೂ ನಿಂತು ಮನೆಗೆ ಬಂದರೆ
ಸಿಮೆಂಟು ಉದ್ದಕ್ಕೆ ಬಿದ್ದುಕೊಂಡಿದೆ,
ಪಕ್ಕೆ ಹೊಲಿಗೆ ಮಿಷಿನ್ನಿನ ಸೂಜಿಯ ಹಾಗೆ.
ಲಿಖಿತಾ ಮೈಮೇಲೆ ಸುರಿಯಲು ಬಿಂದಿಗೆ ಎತ್ತಿದ್ದಾಳೆ.
"ಬ್ಯಾಡ ಕಣೇ, ಇಳಿಸು.
ಕಾದ ಹೆಂಚಿಗೆ ನೀರು ಹೊಯ್ದರೆ ಸೀಳ್ತೈತೆ."
ಅವಳಿಗೆ ಸಿಟ್ಟು. ನಿಜ ಹೇಳಬೇಕೆಂದರೆ ನನಗೂ ಗೊತ್ತಿಲ್ಲ,
ಅವ್ವ ಹುಳುವಿಗೆ ಹೇಳಿದ್ದನ್ನು ಮೊಲಕ್ಕೆ ಹೇಳುತ್ತಿದ್ದೇನೆ.

ಕಿವಿ ಹಿಡಿದೆ.
ಏನೂ ತಿಳಿಯಲಿಲ್ಲ.
ಹದಿನಾಲ್ಕು ವರ್ಷ ಬಿಸಿನೀರಲ್ಲಿ ಎಳೆ ಹುಡುಕಿದ ಬೆರಳು,
ಅನ್ನದ ಪಾತ್ರೆಯನ್ನು ಬಟ್ಟೆಯಿಲ್ಲದೆ ಇಳಿಸುವ ಬೆರಳು.
ಬಗ್ಗಿ ಕೆನ್ನೆಯಿಟ್ಟೆ.
ಸುಡುತ್ತಿತ್ತು.
ಬಾಗಿಲ ಬೆಳಕಿಗೆ ಆ ಕಿವಿಯೊಳಗೆ ಕೆಂಪು ನರ ಕಂಡಿತು,
ಕವಲೊಡೆದು, ಮತ್ತೆ ಕವಲೊಡೆದು,
ಯಾವ ಕೊಂಡಿಗೂ ಸಿಗದಷ್ಟು ಸಣ್ಣ ಎಳೆ.

ಸೆರಗು ಒದ್ದೆ ಮಾಡಿ ಒರೆಸಿದೆವು,
ಒಂದು ಕಿವಿ ಅವಳು, ಒಂದು ಕಿವಿ ನಾನು.
ಮುನಿರತ್ನ ಮೊರದಿಂದ ಗೋಣಿಗೆ ಗಾಳಿ ಹಾಕಿದಳು.
ಮೂಲೆಯಲ್ಲಿ ಬೆಣ್ಣೆ, ಏನೂ ಆಗಿಲ್ಲವೆಂಬಂತೆ,
ಕಾಂಡ ಕಡಿಯುತ್ತಲೇ ಇತ್ತು.
ಎಷ್ಟು ಹೊತ್ತೋ.
ಆಮೇಲೆ ಸಿಮೆಂಟು ತಲೆಯೆತ್ತಿ
ಮಣ್ಣಿನ ಬಟ್ಟಲಿಗೆ ಮೂತಿಯಿಟ್ಟಿತು.
ನೀರು ನೆಕ್ಕುವ ಸದ್ದಿಗೆ ಮೊರ ನಿಂತಿತು.

ಕರೆಂಟು ಬಂದದ್ದು ನಾಲ್ಕಕ್ಕೆ.
ಲಿಖಿತಾ ಸಾಕ್ಸಿನಿಂದ ಬಾಟಲಿ ಎಳೆದಳು,
ಒಳಗೆ ಇನ್ನೂ ಹೆಬ್ಬೆರಳಷ್ಟು ಐಸು.
ಕೇಳದೆಯೇ ನನ್ನ ಬೆರಳಿಗಿಟ್ಟಳು.
"ತಣ್ಣಗಿದ್ಯಾ?"
ಹೂಂ ಅಂದೆ. ನಂಬಲಿಲ್ಲ.
ಮೆಲ್ಲಗೆ ಉರುಳಿಸುತ್ತಾ ಮೇಲೆ ತಂದಳು,
ಬೆರಳು ದಾಟಿ, ಅಂಗೈ ದಾಟಿ.
ಮಣಿಕಟ್ಟಿಗೆ ಬಂದಾಗ ಕೈ ಎಳೆದುಕೊಂಡೆ.

"ಇಲ್ಲಿ," ಅಂದಳು.
ಅಲ್ಲೇ ಹಿಡಿದುಕೊಂಡು ಕೂತಳು.