ಕೋಳಿಯ ಅಳತೆ

ಹದಿನೈದು ದಿನ ತೂಗಿದೆ.
ಬೆಳಿಗ್ಗೆ ಹಾಕಿದ್ದು ಒಂದು ಕೇಜಿ ಇನ್ನೂರು ಗ್ರಾಂ.
ಸಂಜೆ ಗುಡಿಸಿ, ಜರಡಿ ಹಿಡಿದು,
ಹಿಕ್ಕೆಯಿಂದ ಬೇರೆ ಮಾಡಿ ತಕ್ಕಡಿಗಿಟ್ಟರೆ
ಮುನ್ನೂರ ಹತ್ತು ಗ್ರಾಂ ನೆಲದ ಪಾಲು.
ಒಂದು ದಿನ ಮುನ್ನೂರ ನಲವತ್ತು,
ಅವತ್ತು ಪಕ್ಕದ ಮನೆ ಬೆಕ್ಕು ಕಾಂಪೌಂಡು ಹತ್ತಿತ್ತು.

ಬಟ್ಟೆ ಹೊಲಿಯುವವಳು ನಾನು.
ಪೆನ್ಷನ್ ಮೊಹಲ್ಲಾದ ತಿರುವಿನಲ್ಲಿ ನನ್ನ ಬೋರ್ಡು:
ಬ್ಲೌಸ್, ಫಾಲ್, ಸ್ಕೂಲ್ ಯೂನಿಫಾರಂ.
ಬೆರಳಗಲ ಚೂರು ಉಳಿದರೂ
ಅದು ತೋಳಿನ ಪಟ್ಟಿಯಾಗಬೇಕು, ಇಲ್ಲ ಗುಂಡಿಯ ಕುಣಿಕೆ,
ಏನೂ ಆಗದಿದ್ದರೆ ಮಸಿಬಟ್ಟೆ.
ನೂರಕ್ಕೆ ಇಪ್ಪತ್ತೈದು ಪಾಲು ಬಟ್ಟೆ ನೆಲಕ್ಕೆ ಬಿಟ್ಟರೆ
ಯಾರು ಕೊಡ್ತಾರೆ ನನ್ನ ಕೈಗೆ ಕತ್ತರಿ?

ಸಂತೆಪೇಟೆಯಲ್ಲಿ ಸಣ್ಣತಮ್ಮಯ್ಯನ ಅಂಗಡಿ.
ಫೀಡರುಗಳನ್ನು ಸಾಲಾಗಿ ನೇತು ಹಾಕಿದ್ದಾನೆ,
ಕೆಂಪು, ಹಳದಿ, ಮದುವೆಮನೆಯ ಬಕೆಟ್ಟುಗಳ ಹಾಗೆ.
'ಇದು ತಗೊಳ್ಳಿ ಅಕ್ಕಾ, ಎಲ್ರೂ ಇದನ್ನೇ ಒಯ್ಯೋದು.'
ಅಗಲ ತಟ್ಟೆ, ಚಪ್ಪಟೆ ಅಂಚು.
ಅಂಚಿನ ಮೇಲೆ ಬೆರಳಾಡಿಸಿದೆ.
ಒಳಮಡಿಕೆ ಇಲ್ಲ.
ಒಳಮಡಿಕೆ ಇಲ್ಲದ ಸೆರಗು
ಎರಡು ಒಗೆತಕ್ಕೆ ಎಳೆ ಬಿಡುತ್ತೆ, ಗೊತ್ತಿಲ್ವಾ?
ಕೊಕ್ಕು ಅತ್ತೊಮ್ಮೆ ಇತ್ತೊಮ್ಮೆ ಬೀಸಿದರೆ
ಇಲ್ಲಿ ತಡೆಯೋದು ಯಾವುದು?

ಉದ್ದ ದೋಣಿ ತೋರಿಸಿದ, ತಗಡಿನದು, ಮುಚ್ಚಳ ಇಲ್ಲ.
ನಮ್ಮ ಬೂದಿ ಅದರೊಳಗೇ ಮಲಗ್ತಾಳೆ, ಕೆದರ್ತಾಳೆ,
ಮಾಡಬಾರದ್ದನ್ನೂ ಅಲ್ಲೇ ಮಾಡ್ತಾಳೆ.
ಕಾಲಿಂದ ತುಳಿದರೆ ಮುಚ್ಚಳ ತೆರೆಯೋದೊಂದು ಇತ್ತು,
ಸಾವಿರದ ಎಂಟುನೂರು,
ನನ್ನ ಮಿಷನ್ನಿನ ಪೆಡಲಿಗಿಂತ ನಯ.
ಹುಂಜ ಕಲಿತಾನು. ಅವನು ಇಳಿದಾಗ
ಮುಚ್ಚಳದ ಪೆಟ್ಟು ತಿಂದು ಹೇಂಟೆಗಳು ಕಲಿಯಬೇಕು.
ಬೇಡ.

'ಮತ್ತಿನ್ನೆಂಥದು ಬೇಕು?'
'ಅಳತೆ ತಂದಿಲ್ಲ, ನಾಳೆ ಬರ್ತೀನಿ.'
'ಯಾರ ಅಳತೆ?'
'ಕೋಳೀದು.'
ಬೂಸಾ ಹೊರಿಸಿಕೊಳ್ಳುತ್ತಿದ್ದ ಮೂವರೂ
ಒಟ್ಟಿಗೆ ತಿರುಗಿದರು.
ಕೋಳಿ ಕೇಳಿ ಮಸಾಲೆ ಅರೀತಾರಾ ಅಂತ ಗಾದೆ.
ಆ ಮಾತು ಆಡಿದವರು ಯಾರೂ
ದರ್ಜಿಗಳಲ್ಲ.

ಸಂಜೆ ಟೇಪು ಕೊರಳಿಗೆ ಹಾಕಿಕೊಂಡು
ಗೂಡಿನ ಮುಂದೆ ಕುಕ್ಕರುಗಾಲಲ್ಲಿ ಕೂತೆ.
ಚುಕ್ಕಿ: ನೆಲದಿಂದ ಬೆನ್ನಿಗೆ ಒಂಬತ್ತು ಇಂಚು.
ಬೂದಿ: ಒಂಬತ್ತೂವರೆ, ಗರಿ ಉಬ್ಬಿಸಿದ್ದಕ್ಕೆ ಅರ್ಧ ಕಳೆ.
ರಾಜಾಮಣಿ ಟೀಚರ್ (ಹೆಸರಿಟ್ಟದ್ದು ಓಣಿಯ ಹುಡುಗರು)
ರೆಕ್ಕೆ ಸ್ವಲ್ಪ ಎತ್ತಿ, ಗಂಭೀರವಾಗಿ
ಹಬ್ಬದ ಬ್ಲೌಸಿಗೆ ನಿಂತವರಂತೆ ನಿಂತಳು.
ಹುಂಜ ಟೇಪು ಕಚ್ಚಿ ಎಳೆದ,
ಅವತ್ತಿನಿಂದ ಅದರಲ್ಲಿ ನಲವತ್ತೆರಡು ಇಲ್ಲ.
ಎಲ್ಲ ಬಿಲ್ ಪುಸ್ತಕದಲ್ಲಿ ಬರೆದುಕೊಂಡೆ,
ಶಫಿಯಾ ಅವರ ಚೂಡಿದಾರದ ಕೆಳಗೆ.

ತಂದದ್ದು ನೇತು ಹಾಕುವಂಥದು.
ಅಂಚು ಒಂದಿಂಚು ಒಳಕ್ಕೆ ಮಡಿಸಿದ್ದು,
ಕೊಕ್ಕಿಗೊಂದು ಕಿಂಡಿ, ನಡುವೆ ಅಡ್ಡಕಡ್ಡಿ.
ಸರಪಳಿಯಲ್ಲಿ ಬೆನ್ನಿನ ಎತ್ತರಕ್ಕೆ ಇಳಿಬಿಟ್ಟೆ,
ಒಂದು ಕೊಂಡಿ ಮೇಲೆ, ಮತ್ತೆ ಒಂದು ಕೆಳಗೆ,
ಕುಪ್ಪಸದ ಭುಜ ಕೂರಿಸಿದ ಹಾಗೆ.
ತಟ್ಟೆ ತುಂಬ ಹಾಕಲಿಲ್ಲ, ಮೂರರಲ್ಲಿ ಒಂದು ಪಾಲು.

ಮೊದಲ ಸಂಜೆ ಗುಡಿಸಿದರೆ ನಲವತ್ತು ಗ್ರಾಂ.
ಮಾರನೇ ದಿನ ಮೂವತ್ತೈದು.
ತಿಂಗಳಿಗೆ ಎಂಟು ಕೇಜಿ ಉಳೀತು,
ಸಣ್ಣತಮ್ಮಯ್ಯನಿಗೆ ಹೇಳಲಿಲ್ಲ, ವ್ಯಾಪಾರಸ್ಥ, ಬೇಜಾರಾದಾನು.

ಆದರೆ ನೆಲದಲ್ಲಿ ಏನೂ ಇಲ್ಲ.
ಹತ್ತು ನಿಮಿಷಕ್ಕೆ ಹೊಟ್ಟೆ ತುಂಬಿ
ಮಿಕ್ಕ ಹಗಲೆಲ್ಲ ಕಾಲಿಗೆ ಕೆಲಸವಿಲ್ಲ.
ಬರೀ ಸಿಮೆಂಟು ಕೆದರಿ ಕೆದರಿ ನೋಡಿದರು.
ನಾಲ್ಕನೇ ದಿನ ಟೀಚರ್
ಚುಕ್ಕಿಯ ಬಾಲದ ಗರಿ ಕಿತ್ತಳು.

ಈಗ ಮಧ್ಯಾಹ್ನ ಒಂದು ಹಿಡಿ ರಾಗಿ
ಒಣಹುಲ್ಲಿನ ಮೇಲೆ ಎರಚ್ತೀನಿ, ಬೇಕೆಂದೇ.
ಪೋಲಲ್ಲ ಇದು. ನಮ್ಮಲ್ಲಿ ಸಡಿಲ ಅಂತೀವಿ.
ಮೈ ಅಳತೆಗೆ ಸರಿಯಾಗಿ ಕತ್ತರಿಸಿದ ಬ್ಲೌಸಲ್ಲಿ
ಬಸ್ಸಿನ ಕಂಬಿ ಹಿಡಿಯೋಕಾಗಲ್ಲ.
ಬಿಲ್ ಪುಸ್ತಕದಲ್ಲಿ ಅದನ್ನೂ ಸೇರಿಸಿದೆ:
ಸಡಿಲ, ಇಪ್ಪತ್ತು ಗ್ರಾಂ.

ಶಫಿಯಾ ಚೂಡಿದಾರ ಒಯ್ಯಲು ಬಂದರು,
ತೆರೆದ ಹಾಳೆಯ ಮೇಲೆ ಬೆರಳಿಟ್ಟು ನಿಂತರು.
'ಎತ್ತರ ಒಂಬತ್ತೇ ಇಂಚಾ?
ಯಾರ ಮಗೂದಕ್ಕಾ ಇದು?'