ಕೈ ಎತ್ತಿದ್ದು

"ಹದಿನಾರು ನಿಮಿಷ," ಅಂದ ಎಂಜಿನಿಯರು,
ನಕ್ಷೆಯ ಮೇಲೆ ಕೆಂಪು ಗೆರೆ ಎಳೆದು.
ಎರಡು ಬೆಟ್ಟ, ಒಂದೇ ಟಿಕೆಟ್ಟು.

ನನ್ನಜ್ಜಿ ವಾಲ್ಬುರ್ಗಾ ಆ ಬೆಟ್ಟದವಳು.
ಮದುವೆಯಾಗಿ ಬಂದಾಗ ಕಣಿವೆ ಇಳಿದು ಹತ್ತಲು
ಇಡೀ ದಿನ; ಬೆನ್ನಿಗೆ ಚೀಸಿನ ಚಕ್ರ.
ಸಾಯುವ ತನಕ ನಮ್ಮಂಗಳದ ಹಿಮವನ್ನು
"ನಿಮ್ಮ ಹಿಮ" ಅನ್ನುತ್ತಿದ್ದಳು.

ನಾನು ಲಿಫ್ಟಿನ ಗೇಟು ಕಾಯುವವನು.
ನಡುವಣ ಗಾಳಿಯನ್ನು ಬಲ್ಲೆ:
ವಾರದಲ್ಲಿ ಮೂರು ದಿನ ಗೊಂಡೋಲಾ
ಒಣಹಾಕಿದ ಕಾಲುಚೀಲದಂತೆ ತೂಗಾಡೀತು, ಅಷ್ಟೆ.
ಬ್ಯಾಂಕಿನ ಬಡ್ಡಿ ಗಾಳಿಗೆ ನಿಲ್ಲುವುದಿಲ್ಲ.

ಬೇಕರಿಯ ಓಟ್ಮಾರ್ ಬೇಡವೆಂದ.
ಅವನು ಸ್ಕೀ ಬಿಟ್ಟು ಒಂಬತ್ತು ವರ್ಷ.
ಲೆಕ್ಕದಲ್ಲಿ ನಾನೂ ಅವನ ಕಡೆಯೇ.
ಆದರೂ ಕೈ ಎತ್ತಿದೆ—

ನಡುಗಾಳಿಯಲ್ಲಿ ಡಬ್ಬಿ ನಿಂತಾಗ
ಒಮ್ಮೆ ಬಗ್ಗಿ ನೋಡಬೇಕು,
"ನಿಮ್ಮ ಹಿಮ" ಎಲ್ಲಿಗೆ ಮುಗಿಯುತ್ತದೆಂದು.