ಏಳನೇ ವಾಲ್ವು

ಚೆಲುವಯ್ಯ ರಿಟೈರಾದ ದಿನ ನನ್ನ ಕೈಗೆ ಕೊಟ್ಟದ್ದು
ಎದೆಯೆತ್ತರದ ಒಂದು ಕಬ್ಬಿಣದ ಕೀಲಿ.
ಹಿಡಿ ಸವೆದು ಸವೆದು
ಅವನ ಅಂಗೈ ಅಳತೆಗೇ ಬಂದಿತ್ತು.

ಹೊಳೆನರಸೀಪುರವನ್ನು ಹುಟ್ಟಿದಾಗಿಂದ ಕಂಡವನು ನಾನು,
ಮೇಲಿಂದ ಮಾತ್ರ.
ಈಗ ಬೆಳಗಿನ ಜಾವ ನಾಲ್ಕಕ್ಕೆ
ರಸ್ತೆಯ ಮುಚ್ಚಳ ಎತ್ತಿ, ಮಂಡಿಯೂರಿ,
ಕಿವಿಗೊಟ್ಟು ಓದುತ್ತೇನೆ.

ಕೋಟೆಗೆ ನೀರು ಏದುಸಿರು ಬಿಡುತ್ತ ಹತ್ತುತ್ತದೆ.
ಅಲ್ಲಿ ಹುಣಸೆಹಣ್ಣಿನಲ್ಲಿ ಬೆಳಗಿದ ಹಿತ್ತಾಳೆ ಕೊಳಗ;
ಮಡಿಯುಟ್ಟ ಅಲಮೇಲಮ್ಮನವರು
ನನ್ನ ನೆರಳು ದಾಟುವವರೆಗೆ ನಲ್ಲಿ ತಿರುಗಿಸುವುದಿಲ್ಲ.
ನೀರೇನೋ ನಾನು ಬಿಟ್ಟದ್ದೇ.

ಪೇಟೆಬೀದಿಯಲ್ಲಿ ಅದಕ್ಕೆ ಅವಸರ:
ಹೋಟೆಲಿನ ಹಂಡೆ, ನಯಾಜನ ಇಸ್ತ್ರಿ ಮೇಜಿನ ಚೊಂಬು,
ಡ್ರಮ್ಮು, ಮತ್ತೆ ಡ್ರಮ್ಮು.
ಕುಂಬಾರಬೀದಿಯಲ್ಲಿ ಈಗ ಯಾರೂ ಮಡಕೆ ಮಾಡುವುದಿಲ್ಲ,
ನೀರು ಮಾತ್ರ ಮಣ್ಣು ಬೆರೆತೇ ಬರುತ್ತದೆ.
ಎಲ್ಲೋ ಒಡೆದಿದೆ.
ಎಲ್ಲಿ ಅನ್ನುವುದು ಪೈಪಿಗೇ ಗೊತ್ತು.

ಹೌಸಿಂಗ್ ಬೋರ್ಡಿನ ಕಡೆ ಸದ್ದೇ ಇಲ್ಲ.
ಗೇಟಿನೊಳಗೆ ಸಂಪು, ಸಂಪಿನೊಳಗೆ ಮೋಟರು;
ಕಳ್ಳನ ಹಾಗೆ ಒಳಗೆ ಹೋದದ್ದು
ಕಾರಿನ ಮೈಮೇಲಿಂದ ಹೊರಗೆ ಬರುತ್ತದೆ.
ಹತ್ತು ನಿಮಿಷ ತಡವಾದರೆ ಫೋನು.

ಕೊನೆಗೆ ಹೊಳೆದಂಡೆಯ ಕೇರಿ.
ಹೇಮಾವತಿ ಅವರ ಹಿತ್ತಿಲಲ್ಲೇ ಮಗ್ಗುಲು ಬದಲಿಸುತ್ತಾಳೆ.
ಅವಳನ್ನು ಇಲ್ಲಿಂದಲೇ ಎತ್ತಿ,
ಟ್ಯಾಂಕಿಗೆ ಹತ್ತಿಸಿ, ಊರೆಲ್ಲ ಸುತ್ತಿಸಿ
ಮತ್ತೆ ಇಲ್ಲಿಗೇ ತರುತ್ತೇವೆ,
ಕಿರುಬೆರಳ ದಪ್ಪಕ್ಕೆ.
ಬಿಂದಿಗೆಗಳು ರಾತ್ರಿಯೇ ಬಂದು ಸಾಲಲ್ಲಿ ಕೂತಿರುತ್ತವೆ.
ಬಿಂದಿಗೆ ಇಲ್ಲದ ಕಡೆ ಒಂದು ಕಲ್ಲು.
ಕಲ್ಲಿಗೂ ಹೆಸರಿದೆ: ಇದು ಸಾಕಮ್ಮನದು, ಅದು ದೊಡ್ಡತಾಯಿಯದು.

"ಏಳನೇದನ್ನ ಪೂರ್ತಿ ಮುಚ್ಚಬೇಡ ಕಣೋ" ಅಂದಿದ್ದ ಚೆಲುವಯ್ಯ,
"ಅರ್ಧ ಸುತ್ತು ಬಿಡು."
ಯಾಕೆ ಅಂದೆ.
ಎಲೆಯಡಿಕೆ ಉಗಿದು
ಮಗಳ ಬಾಣಂತನದ ಮಾತಿಗೆ ಹೋದ.

ನಾನು ಹೊಸಬ. ಚೀಟಿಯಲ್ಲಿ ಬರೆದ ಹಾಗೆ ಮುಚ್ಚಿದೆ.
ಒಂದು ವಾರ.
ಯಾರೂ ಫೋನು ಮಾಡಲಿಲ್ಲ.
ಎಂಟನೇ ಬೆಳಗ್ಗೆ ಸಾಕಮ್ಮ ನನ್ನ ಮುಖ ನೋಡಿದಳು,
ಕೀಲಿ ನೋಡಿದಳು,
"ಅವನಿಗೆ ಹುಷಾರಿಲ್ವಾ?" ಅಂದಳು, ಅಷ್ಟೇ,
ತನ್ನ ಕಲ್ಲನ್ನು ಸ್ವಲ್ಪ ಮುಂದಕ್ಕೆ ಸರಿಸಿದಳು.

ಇವತ್ತು ಬಿಟ್ಟೆ.
ಅರ್ಧವೋ, ಮುಕ್ಕಾಲೋ,
ಕತ್ತಲಲ್ಲಿ ಸುತ್ತಿನ ಲೆಕ್ಕ ತಪ್ಪುತ್ತದೆ.
ಮೇಲೆ ಕೋಟೆಯಲ್ಲಿ
ಯಾವುದೋ ನಲ್ಲಿ ಕೆಮ್ಮಿತು.